ಕಲ್ಲಮ್ಮನವರು ಆರಿಸಿದ ಹ್ಯಾಂಡಲ್

ನಮ್ಮತ್ತೆ ಕಲ್ಲಮ್ಮನವರು ಜೀವಮಾನದಲ್ಲಿ ಒಮ್ಮೆಯೂ ಮೋಟಾರ್ ಸೈಕಲ್ ಹತ್ತಿದವರಲ್ಲ. ಅಂಗಳದಲ್ಲಿ ಅದು ನಿಂತಿದ್ದರೆ ಎಣ್ಣೆ ಮೆತ್ತೀತೆಂದು ಸೀರೆಯ ನೆರಿಗೆ ಎತ್ತಿಕೊಂಡು ಸುತ್ತು ಹಾಕಿ ಹೋಗುತ್ತಿದ್ದರು. ಆದರೂ ಮೂಡಿಗೆರೆ ಪೇಟೆಯಲ್ಲಿ ಒಂದು ಮೋಟಾರ್ ಸೈಕಲ್ಲಿಗೆ ಹ್ಯಾಂಡಲ್ ಆರಿಸಿ, ಹೀಗೇ ಬಾಗಬೇಕು, ಇಷ್ಟೇ ಇಳಿಯಬೇಕು ಎಂದು ಕೂತು ಮಾಡಿಸಿದ ಹೆಂಗಸು ಅಂತ ಇದ್ದರೆ ಅವರೊಬ್ಬರೇ. ಇದನ್ನು ಹೇಳಿದರೆ ನಮ್ಮ ಮನೆಯ ಈಗಿನ ಹುಡುಗರು ನಗುತ್ತಾರೆ. ನಗಲಿ. ನಾನು ಪಕ್ಕದಲ್ಲೇ ನಿಂತು ನೋಡಿದವಳು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚೆ ನಾನು ವಸ್ತಾರೆಯಿಂದ ಆ ಮನೆಗೆ ಸೊಸೆಯಾಗಿ ಬಂದೆ. ಪ್ರೇಮಕುಮಾರಿ ಎಂಬ ನನ್ನ ಹೆಸರು ಅತ್ತೆಗೆ ಹಿಡಿಸಲಿಲ್ಲ. "ಇಷ್ಟುದ್ದ ಹೆಸರು ಕರೆಯೋ ಹೊತ್ತಿಗೆ ಒಲೆ ಮೇಲಿನ ಹಾಲು ಉಕ್ಕಿ ಹೋಗತ್ತೆ" ಎಂದು ಮೊದಲ ದಿನವೇ ಅದನ್ನು ಕತ್ತರಿಸಿ ಕುಮಾರಿ ಮಾಡಿದರು. ಗಂಡನ ಹೆಸರು ಬಾಯಲ್ಲಿ ಹೇಳುವ ಪದ್ಧತಿ ಆಗ ನಮ್ಮಲ್ಲಿರಲಿಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲವಲ್ಲ, ಬರೆಯುತ್ತೇನೆ: ಓಂಕಾರಮೂರ್ತಿ. ಮಾವ ರುದ್ರಪ್ಪನವರು ನಾನು ಬರುವ ಎಷ್ಟೋ ಮೊದಲೇ ತೀರಿಕೊಂಡಿದ್ದರು. ಅವರು ಬಿಟ್ಟುಹೋದ ದಿನಸಿ ಅಂಗಡಿಯನ್ನು ಅತ್ತೆ ತಾವೇ ನಡೆಸಿ ಒಬ್ಬನೇ ಮಗನನ್ನು ದೊಡ್ಡವನನ್ನಾಗಿ ಮಾಡಿದ್ದರು. ಅಕ್ಕಿ ಮೂಟೆ ಬಂದರೆ ಆಳಿಗೆ ಕಾಯುತ್ತಿರಲಿಲ್ಲ, ಸೆರಗು ಬಿಗಿದು ತಾವೇ ಎಳೆದು ನಿಲ್ಲಿಸುತ್ತಿದ್ದರು. ಬೆಲ್ಲ ಮೆತ್ತಗಿದೆಯಲ್ಲಾ ಎಂದ ಗಿರಾಕಿಗೆ "ನಿಮ್ಮ ಕೈ ಬಿಸಿ ಇದೆ, ಅದಕ್ಕೆ" ಎಂದು ಹೇಳಿ ಕಳಿಸುವ ಬಾಯಿ ಅವರದು. ಹೆದರಬೇಕಾದವರೆಲ್ಲ ಅವರಿಗೆ ಹೆದರುತ್ತಿದ್ದರು, ನಾನಂತೂ ಎಲ್ಲರಿಗಿಂತ ಮುಂದೆ.

ನಮ್ಮವರು ಅಂಗಡಿಯಲ್ಲಿ ಕೂರುವ ಪೈಕಿ ಅಲ್ಲ. ಚಿಕ್ಕಮಗಳೂರಿನಲ್ಲಿ ಬಸವರಾಜಪ್ಪನವರದೊಂದು ಕಾಫಿ ಮಂಡಿ ಇತ್ತು. ಆ ಮಂಡಿಯ ಪರವಾಗಿ ಎಸ್ಟೇಟಿನಿಂದ ಎಸ್ಟೇಟಿಗೆ ಹೋಗಿ, ಹಣ್ಣು ಸುಲಿದು ತೊಳೆದು ಕಣದಲ್ಲಿ ಒಣಹಾಕಿದ ಪಾರ್ಚ್‌ಮೆಂಟ್ ಕಾಫಿಯನ್ನು ಬೊಗಸೆಯಲ್ಲಿ ಎತ್ತಿ ಮೂಸಿ, ಒಂದು ಬೀಜವನ್ನು ಹಲ್ಲಿನಲ್ಲಿ ಕಚ್ಚಿ, ಒಣಗಿದ್ದು ಸಾಕೋ ಇನ್ನೂ ಬಿಸಿಲು ಬೇಕೋ ನೋಡಿ, ಸ್ಯಾಂಪಲ್ ಚೀಲ ಕಟ್ಟಿ ತರುವುದು ಅವರ ಕೆಲಸ. ಈ ಕಡೆ ಕಳಸದವರೆಗೆ, ಆ ಕಡೆ ಮಲ್ಲಂದೂರಿನವರೆಗೆ ಅವರ ತಿರುಗಾಟ. ಗಾಡಿಯಲ್ಲಿ ಎತ್ತು ಹೊಡೆದುಕೊಂಡು ಆಗುವ ಕೆಲಸ ಅದಲ್ಲ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಮಲ್ಲಂದೂರು ಕಡೆಯ ಒಬ್ಬ ಇಂಗ್ಲಿಷ್ ದೊರೆ ಎಸ್ಟೇಟ್ ಮಾರಿ ತನ್ನ ಸೀಮೆಗೆ ಹೊರಟಾಗ ಅವನ ಮೋಟಾರ್ ಸೈಕಲ್ಲನ್ನು, ಆಗಿನ ನಮ್ಮ ಬಾಯಲ್ಲಿ ಫಟಫಟಿಯನ್ನು, ನಮ್ಮವರು ಕೊಂಡುಕೊಂಡರು.

ಆ ದೊರೆ ಬಾಗಿಲಿಗೆಲ್ಲ ತಲೆ ತಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರದವನಂತೆ. ಫಟಫಟಿಯ ಹ್ಯಾಂಡಲ್ಲೂ ಅವನ ಅಳತೆಯದೇ, ಎಮ್ಮೆ ಕೊಂಬಿನ ಹಾಗೆ ಮೇಲಕ್ಕೆದ್ದು ಅಗಲವಾಗಿ ಚಾಚಿಕೊಂಡಿತ್ತು. ನಮ್ಮವರು ಕುಳ್ಳರು. ಸ್ವಲ್ಪ ಕುಳ್ಳರು ಎಂದು ಬರೆದರೆ ಅವರಿಗೆ ಸಮಾಧಾನವಾಗುತ್ತಿತ್ತೇನೋ, ಆದರೆ ಕುಳ್ಳರೇ. ಅದನ್ನು ಹಿಡಿದು ಕೂತರೆ ಅಟ್ಟದ ಮೇಲಿನ ಡಬ್ಬಕ್ಕೆ ಕೈ ಚಾಚಿದ ಹಾಗೆ ಕಾಣುತ್ತಿದ್ದರು. ಆದರೂ ಚೆನ್ನಾಗಿಯೇ ಓಡಿಸುತ್ತಿದ್ದರು.

ಆಗಿನ ಮೂಡಿಗೆರೆ ಎಷ್ಟು ಸದ್ದಿಲ್ಲದ ಊರು ಎಂದರೆ ಈಗ ನಂಬುವುದು ಕಷ್ಟ. ಸಂಜೆಯ ಹೊತ್ತು ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯ ಕಡೆ ಫಟಫಟಿ ಕೇಳಿದರೆ ಅದು ದೊರೆಗಳದೋ, ನಮ್ಮವರದೋ ಎಂದು ಪೇಟೆಯಲ್ಲಿ ಕೂತೇ ಹೇಳಬಹುದಿತ್ತು. ಅತ್ತೆಗೆ ಅದು ಎಲ್ಲರಿಗಿಂತ ಮೊದಲು ಕೇಳಿಸುತ್ತಿತ್ತು. "ಹಂಚು ಇಡು ಕುಮಾರಿ" ಎನ್ನುತ್ತಿದ್ದರು. ನಾನು ಅಕ್ಕಿ ರೊಟ್ಟಿ ತಟ್ಟಿ ಹಂಚಿಗೆ ಹಾಕುವುದಕ್ಕೂ ನಮ್ಮವರು ಕಾಫಿ ಕಣದ ವಾಸನೆ ಹೊತ್ತುಕೊಂಡು ಒಳಗೆ ಬರುವುದಕ್ಕೂ ಸರಿಹೋಗುತ್ತಿತ್ತು. ಆ ಸಂಜೆಗಳನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಹಸಿಯುತ್ತದೆ.

ಒಂದು ವರ್ಷ ನವರಾತ್ರಿ ಕಳೆದ ಹೊಸತರಲ್ಲಿ, ಕಳಸದಿಂದ ವಾಪಸು ಬರುತ್ತಿರುವಾಗ ಕೊಟ್ಟಿಗೆಹಾರದ ಹತ್ತಿರದ ತಿರುವಿನಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಗಾಲಿ ಜಾರಿ ಅವರು ಬಿದ್ದರು. ಬಲಭುಜ ನೆಲಕ್ಕೆ ಬಡಿದಿತ್ತು. ನಮ್ಮಪ್ಪ ವಸ್ತಾರೆಯಿಂದ ಮೂಳೆ ಕಟ್ಟುವ ಚಿಕ್ಕಯ್ಯ ಎಂಬುವನನ್ನು ಕಳಿಸಿದರು. ಅವನು ಸೊಪ್ಪು ಅರೆದು ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಕಾರ್ತೀಕ ಮುಗಿಯುವ ಹೊತ್ತಿಗೆ ಮೂಳೆ ಕೂಡಿಕೊಂಡಿತು, ಆದರೆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. "ಕೈ ಉಳೀತಲ್ಲ ಸ್ವಾಮಿ, ಪುಣ್ಯ ಅಂದ್ಕೊಳ್ಳಿ" ಎಂದು ಚಿಕ್ಕಯ್ಯ ಕಟ್ಟು ಬಿಚ್ಚಿ ಹೊರಟುಹೋದ.

ಹ್ಯಾಂಡಲ್ ಇದ್ದದ್ದು ಭುಜದ ಮಟ್ಟಕ್ಕೆ, ಕೈ ಏಳುತ್ತಿದ್ದದ್ದು ಎದೆಯ ಮಟ್ಟಕ್ಕೆ. ನಡುವಿನ ಆ ಗೇಣು ಜಾಗದಲ್ಲಿ ನಮ್ಮವರ ಕೆಲಸ ಸಿಕ್ಕಿಹಾಕಿಕೊಂಡಿತ್ತು. ಪಾರ್ಚ್‌ಮೆಂಟ್ ಕಣಕ್ಕೆ ಬೀಳುವ ಹೊತ್ತಿಗೆ ಅವರು ಫಟಫಟಿ ಹತ್ತದಿದ್ದರೆ ಮಂಡಿಯವರು ಬೇರೆಯವರನ್ನು ಹುಡುಕಿಕೊಳ್ಳುತ್ತಿದ್ದರು. ಕೊಯ್ಲು ಯಾರ ಭುಜಕ್ಕೂ ಕಾಯುವುದಿಲ್ಲವಲ್ಲ.

ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲಿ ತಯ್ಯಬ್ ಸಾಬರ ರಿಪೇರಿ ಅಂಗಡಿ ಇತ್ತು. ಸುತ್ತಿನ ಎಸ್ಟೇಟುಗಳ ಲಾರಿ, ಫಟಫಟಿ, ಕಾಫಿ ಹಣ್ಣು ಸುಲಿಯುವ ಯಂತ್ರ ಎಲ್ಲವೂ ಕೆಟ್ಟರೆ ಅಲ್ಲಿಗೇ ಬರುತ್ತಿದ್ದವು. ಬಿದ್ದು ಮುರಿದ ಗಾಡಿಗಳಿಂದ ಬಿಚ್ಚಿಟ್ಟ ಹ್ಯಾಂಡಲ್ಲುಗಳು ಗೋಡೆಯ ಮೇಲೆ ನೇತಾಡುತ್ತಿದ್ದವು. ನಮ್ಮವರು ಹೋಗಿ ಅವುಗಳಲ್ಲಿ ಎಲ್ಲಕ್ಕಿಂತ ತಗ್ಗಿನದನ್ನು ಆರಿಸಿದರು. ಯಾವನೋ ಎಳೆಯ ದೊರೆ ರೇಸಿಗೆಂದು ತರಿಸಿದ್ದಂತೆ ಅದು, ಮುಂದಕ್ಕೆ ಚಾಚಿ ಕೆಳಕ್ಕೆ ಇಳಿದಿತ್ತು. "ಬೆನ್ನು ಬಗ್ಗತ್ತೆ ಸ್ವಾಮಿ" ಎಂದು ತಯ್ಯಬ್ ಸಾಬರು ಹೇಳಿದರಂತೆ. "ಬೆನ್ನು ಬಗ್ಗಲಿ ಮಾರಾಯ, ಭುಜ ಏಳದಿದ್ರೆ ಸಾಕು" ಎಂದರಂತೆ ನಮ್ಮವರು. ಭುಜದ ಮಾತು ನಿಜವೇ. ಆದರೆ ರೇಸಿನ ಹ್ಯಾಂಡಲ್ ಎಂಬ ಖುಷಿಯೂ ಮುಖದ ಮೇಲೆ ಇತ್ತು, ಮನೆಗೆ ಬಂದಾಗ ನಾನೇ ನೋಡಿದೆ. ಗದ್ದೆಯಲ್ಲಿ ಕಳೆ ಕೀಳುವವರ ಹಾಗೆ ಬಗ್ಗಿಕೊಂಡು ಕೂತಿದ್ದರು, ಹಲ್ಲು ಮಾತ್ರ ಎಲ್ಲವೂ ಕಾಣುತ್ತಿದ್ದವು. ಹಾಗೇ ದೇವರಮನೆ ಗುಡ್ಡದವರೆಗೆ ಓಡಿಸಿಕೊಂಡು ಹೋಗಿ ಬಂದರು. ಭುಜ ನೋಯಲಿಲ್ಲವಂತೆ.

ಮರುದಿನ ಬೆಳಿಗ್ಗೆ ಪೂಜೆಗೆ ಕೂತಾಗ ವಿಷಯ ಹೊರಗೆ ಬಿತ್ತು. ನಾವು ಇಷ್ಟಲಿಂಗವನ್ನು ಕರಡಿಗೆಯಲ್ಲಿಟ್ಟು, ಶಿವದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳುವ ಜನ. ಗಂಡಸಾಗಲಿ ಹೆಂಗಸಾಗಲಿ, ಉಸಿರಿರುವ ತನಕ ಅದು ಮೈಮೇಲಿರಬೇಕು. ನಮ್ಮವರದು ಬೆಳ್ಳಿಯ ಕರಡಿಗೆ. ನೆಟ್ಟಗೆ ಕೂತರೆ ಎದೆಗೆ ಒರಗಿ ನಿಲ್ಲುತ್ತಿತ್ತು. ಅಷ್ಟು ಬಗ್ಗಿದ ಮೇಲೆ ಅದು ಎದೆ ಬಿಟ್ಟು ಜೋತು ಬಿದ್ದು, ದೇವರಮನೆ ಗುಡ್ಡಕ್ಕೆ ಹೋಗಿ ಬರುವ ದಾರಿಯುದ್ದಕ್ಕೂ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಬಡಿಯುತ್ತಲೇ ಇದೆ. ಇಂಜಿನ್ನಿನ ಗಲಾಟೆಯಲ್ಲಿ ಅವರಿಗೆ ಗೊತ್ತಾಗಿಲ್ಲ. ಬಿಚ್ಚಿ ನೋಡಿದರೆ ಕರಡಿಗೆ ಒಂದು ಕಡೆ ತಗ್ಗಾಗಿತ್ತು. ಒಳಗಿನ ಲಿಂಗಕ್ಕೆ ಏನೂ ಆಗಿರಲಿಲ್ಲ.

"ಲಿಂಗಕ್ಕೆ ಏನಾದ್ರೂ ಆಗಿದ್ರೆ ಏನ್ ಮಾಡ್ತಿದ್ದೆ?" ಎಂದು ಅತ್ತೆ ಕೇಳಿದರು. ಲಿಂಗ ಭಿನ್ನವಾದರೆ ಜೀವ ಹೋದ ಹಾಗೆಯೇ ಎಂದು ನಂಬಿದ್ದವರು ಅವರು.

"ಆ ಹ್ಯಾಂಡ್ಲು ತೆಗೆಸು. ಇನ್ನು ಆ ಗಾಡಿ ಸಾವಾಸ ಬೇಡ ನಮಗೆ."

ನಾನು ಸುಮ್ಮನಿರಲಾರದೆ ಬಾಯಿ ಹಾಕಿದೆ. "ಬಟ್ಟೆ ಸುತ್ತಿ ಎದೆಗೆ ಬಿಗಿಯಾಗಿ ಕಟ್ಕೊಂಡ್ರೆ ಅಲ್ಲಾಡಲ್ವಲ್ಲ ಅತ್ತೆ?"

"ಕಟ್ಟಿಹಾಕೋಕೆ ಅದೇನು ದನವಾ?" ಎಂದರು.

ನನ್ನ ಬಾಯಿ ಮುಚ್ಚಿತು, ತಲೆ ಮುಚ್ಚಲಿಲ್ಲ. ಅಕ್ಕಿ ಮೂಟೆ ಎಳೆಯುವಾಗ ಅತ್ತೆ ತಮ್ಮ ಕರಡಿಗೆಯನ್ನು ಸೆರಗಿನೊಳಗೆ ಬಿಗಿದು ಕಟ್ಟಿಕೊಳ್ಳುವುದನ್ನು ನಾನು ದಿನವೂ ನೋಡುತ್ತಿದ್ದೆ. ತಮಗೆ ಸರಿಯಾದದ್ದು ಮಗನಿಗೆ ಯಾಕೆ ಸರಿಯಾಗಲಿಲ್ಲ ಎಂದು ಯೋಚಿಸುತ್ತ ಪಾತ್ರೆ ತೊಳೆಯುತ್ತಿದ್ದಾಗ ನನಗೆ ಹೊಳೆಯಿತು. ಅವರಿಗೆ ಮಗ ಆ ಗಾಡಿ ಹತ್ತುವುದೇ ಬೇಡವಾಗಿತ್ತು. ಕೊಟ್ಟಿಗೆಹಾರದಿಂದ ಮಗನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ತಂದ ದಿನದಿಂದಲೂ ಬೇಡವಾಗಿತ್ತು. ಕರಡಿಗೆಗೆ ಬಿದ್ದ ಪೆಟ್ಟು ಅದಕ್ಕೊಂದು ನೆವ. ಸೊಸೆಯಾದವಳು ಗೊತ್ತಾದದ್ದನ್ನೆಲ್ಲ ಹೇಳುವ ಹಾಗಿರಲಿಲ್ಲ. ಅಲ್ಲದೆ ನಮ್ಮವರು ಮನೆಯಲ್ಲೇ ಇರುತ್ತಾರಲ್ಲ ಎಂದು ನನಗೂ ಒಳಗೊಳಗೆ ಹಿತವಾಗಿತ್ತು.

ಹ್ಯಾಂಡಲ್ ಬಿಚ್ಚಿಸಿದ್ದಾಯಿತು. ಫಟಫಟಿ ಕೊಂಬು ಮುರಿದ ಹೋರಿಯ ಹಾಗೆ ತಯ್ಯಬ್ ಸಾಬರ ಅಂಗಡಿಯ ಮೂಲೆಯಲ್ಲಿ ನಿಂತಿತು. ನಮ್ಮವರು ದಿನಸಿ ಅಂಗಡಿಯಲ್ಲಿ ಕೂತರು.

ಅವರು ಜಗಳವಾಡಿದ್ದರೆ ಚೆನ್ನಾಗಿತ್ತು. ಆಡಲಿಲ್ಲ. ಹೇಳಿದ ಕೆಲಸ ಮಾಡಿದರು, ಬಡಿಸಿದ್ದನ್ನು ಉಂಡರು. ಬೆಲ್ಲ ಕೇಳಿದವರಿಗೆ ಉಪ್ಪು ಕಟ್ಟಿಕೊಟ್ಟರು. ಹೊರಗೆ ಕಾಫಿ ಮೂಟೆ ಹೇರಿದ ಗಾಡಿಗಳು ಸಾಲಾಗಿ ಹೋಗಲು ಶುರುವಾದವು. ಒಂದೊಂದು ಗಾಡಿ ದಾಟುವಾಗಲೂ ಬಾಗಿಲಿಗೆ ಬಂದು ನಿಂತು ಮೂಗು ಅರಳಿಸುತ್ತಿದ್ದರು. "ಇದು ಸರಿಯಾಗಿ ಒಣಗಿಲ್ಲ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಒಳಗೆ ಹೋಗುತ್ತಿದ್ದರು. ಮದುವೆಯಾಗಿ ಬಂದಾಗ ನಾನು ನೋಡಿದ ಮನುಷ್ಯ ಇವರಲ್ಲ ಎನಿಸತೊಡಗಿತು. ಒಂದು ದಿನ ಚಿಕ್ಕಮಗಳೂರಿನ ಬಸ್ಸಿನಲ್ಲಿ ಬಂದ ಮಂಡಿಯ ಆಳು ಅಂಗಡಿಗೆ ಬಂದು ಸುದ್ದಿ ಹೇಳಿದ. "ಬಸವರಾಜಪ್ಪೋರು ಹುಣ್ಣಿಮೆ ತನಕ ನೋಡ್ತಾರಂತೆ. ಆಮೇಲೆ ಕೊಪ್ಪದ ಕಡೆಯೋರು ಒಬ್ರು ಬರ್ತಾರಂತೆ." ನಮ್ಮವರು ಅವನಿಗೆ ಮಜ್ಜಿಗೆ ಕೊಡಿಸಿ, "ಆಯ್ತು, ತಿಳಿಸಿದೆ ಅಂತ ಹೇಳಪ್ಪ" ಎಂದು ಕಳಿಸಿಕೊಟ್ಟರು.

ಅದರ ಮಾರನೆಯ ಬೆಳಿಗ್ಗೆ ಅವರು ಎಂದಿನಂತೆ ಪೂಜೆಗೆ ಕೂತಿದ್ದರು. ಅತ್ತೆ ಪಕ್ಕದಲ್ಲಿ ಪತ್ರೆ ಬಿಡಿಸುತ್ತಿದ್ದರು, ನಾನು ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ಬೆನ್ನು ನೆಟ್ಟಗೆ, ಮೊಣಕೈ ಎರಡೂ ಪಕ್ಕೆಗೆ ಒರಗಿ, ಎಡ ಅಂಗೈಯಲ್ಲಿ ಲಿಂಗ. ನೀರೆರೆದು ಪತ್ರೆ ಏರಿಸಿದ ಬಲಗೈ ಅದರ ಪಕ್ಕದಲ್ಲೇ ಅಷ್ಟೇ ಎತ್ತರದಲ್ಲಿ ನಿಂತಿತ್ತು. ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ನೋಡುತ್ತಿದ್ದ ಹಾಗೆ ಆ ಬಲಗೈಯ ಮಣಿಕಟ್ಟು ಮೆಲ್ಲಗೆ ಕೆಳಕ್ಕೆ ತಿರುಗಿತು, ಮತ್ತೆ ಮೇಲಕ್ಕೆ ಬಂತು, ಮತ್ತೆ ತಿರುಗಿತು. ಏರು ದಾರಿಯಲ್ಲಿ ಫಟಫಟಿಗೆ ಜೋರು ಕೊಡುವಾಗ ತಿರುಗಿಸುತ್ತಾರಲ್ಲ, ಹಾಗೆ. ಅವರಿಗೆ ಅದು ಗೊತ್ತೇ ಇರಲಿಲ್ಲ.

ದೇವರ ಮುಂದೆ ಇದೇನು ಎಂದು ಅತ್ತೆ ಬೈಯುತ್ತಾರೆಂದು ನಾನು ಕಾದೆ. ಅವರು ಆ ಕೈಯನ್ನು ನೋಡುತ್ತ ತುಂಬ ಹೊತ್ತು ಕೂತಿದ್ದರು. ಆಮೇಲೆ ಎದ್ದು ಕೊಡೆ ತೆಗೆದುಕೊಂಡರು.

"ಕುಮಾರಿ, ಸೀರೆ ಸರಿ ಮಾಡ್ಕೋ. ಸಾಬ್ರ ಅಂಗಡಿಗೆ ಹೋಗ್ಬರೋಣ."

ಬಸ್ಸು ನಿಲ್ಲುವ ಆ ಕಡೆಗೆ ಹೆಂಗಸರು ಕೆಲಸವಿಲ್ಲದೆ ಹೋಗುತ್ತಿರಲಿಲ್ಲ. ಅತ್ತೆಯನ್ನು ಕಂಡು ತಯ್ಯಬ್ ಸಾಬರು ಗಾಬರಿಯಿಂದ ಎದ್ದು, ಒಂದು ಪೆಟ್ಟಿಗೆಯ ಮೇಲೆ ಶುಭ್ರವಾದ ಗೋಣಿ ಹಾಸಿದರು. ಅವರ ಹೆಂಡತಿ ಮರಿಯಂ ಹಿಂದಿನ ಮನೆಯಿಂದ ಬಾಳೆಹಣ್ಣು ತಂದಿಟ್ಟಳು. ನಾವು ಅವರ ಮನೆಯ ನೀರು ಕುಡಿಯುವುದಿಲ್ಲ, ಹಣ್ಣಿಗೆ ಅಡ್ಡಿಯಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆ ಕಾಲ ಹಾಗಿತ್ತು.

"ಸಾಬ್ರೆ, ನಿಮ್ಮ ಹತ್ರ ಇರೋ ಹ್ಯಾಂಡ್ಲೆಲ್ಲ ಇಳ್ಸಿ" ಎಂದರು ಅತ್ತೆ.

"ಯಾರಿಗಮ್ಮಾ?"

"ನನಗಂತೂ ಅಲ್ಲ."

ತಯ್ಯಬ್ ಸಾಬರು ಒಂದೊಂದನ್ನೇ ಇಳಿಸಿ ಕೊಟ್ಟರು. ಅತ್ತೆ ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು, ಅಕ್ಕಿ ಕೇರುವಾಗ ಮೊರ ಹಿಡಿದುಕೊಳ್ಳುವ ಹಾಗೆ ನಿಂತು ನೋಡಿದರು. ರೇಸಿನದನ್ನು ಮುಟ್ಟಲೇ ಇಲ್ಲ. ನೇರವಾಗಿದ್ದ ಒಂದನ್ನು "ಇದು ನೊಗ" ಎಂದು ವಾಪಸು ಕೊಟ್ಟರು. ದೊರೆಯ ಹಳೆಯ ಕೊಂಬನ್ನು ಕಣ್ಣಲ್ಲೇ ಪಕ್ಕಕ್ಕೆ ತಳ್ಳಿದರು. ಕೊನೆಗೆ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಒಂದನ್ನು ತಾವೇ ಎತ್ತಿಕೊಂಡರು. ಅದರ ಎರಡು ತುದಿಗಳೂ ಹಿಂದಕ್ಕೆ, ಹಿಡಿದವರ ಕಡೆಗೇ ಬಾಗಿ ಬರುತ್ತಿದ್ದವು.

"ಇದಕ್ಕೆ ಬುದ್ಧಿ ಇದೆ. ನಾವು ಹೋಗೋದು ಬೇಡ, ಅದೇ ನಮ್ಮ ಹತ್ರ ಬರತ್ತೆ."

"ಅದು ಸೈಡ್‌ಕಾರ್ ಗಾಡೀದು ಅಮ್ಮಾ. ಆದ್ರೆ ಎತ್ತರ ಜಾಸ್ತಿ ಆಯ್ತಲ್ಲ."

ಅತ್ತೆ ಪೆಟ್ಟಿಗೆಯ ಮೇಲೆ ಕೂತರು. ಬೆನ್ನು ನೆಟ್ಟಗೆ ಮಾಡಿ, ಮೊಣಕೈ ಪಕ್ಕೆಗೆ ಒರಗಿಸಿ, ಎರಡು ಕೈಗಳನ್ನೂ ಪೂಜೆಗೆ ಕೂತ ಹಾಗೆ ಮುಂದಿಟ್ಟರು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅವರ ಕಡೆ ಅತ್ತೆ ತಿರುಗಲೂ ಇಲ್ಲ.

"ಪೂಜೆಗೆ ಕೂತಾಗ ನನ್ನ ಮಗನ ಕೈ ಇಲ್ಲಿರತ್ತೆ. ಇಲ್ಲಿ ಅವನಿಗೆ ನೋವಿಲ್ಲ. ಬೆನ್ನು ಬಗ್ಗಲ್ಲ, ಕರಡಿಗೆ ಎದೆ ಬಿಟ್ಟು ಹೋಗಲ್ಲ. ಹ್ಯಾಂಡ್ಲು ಇಲ್ಲಿಗೆ ಬರ್ಲಿ. ಆಗತ್ತಾ?"

ತಯ್ಯಬ್ ಸಾಬರು ಅವರ ಮುಂದೆ ಕುಕ್ಕರಗಾಲಲ್ಲಿ ಕೂತು, ಅವರು ಕೂತ ಪೆಟ್ಟಿಗೆಯಿಂದ ಅಂಗೈಯವರೆಗೆ, ಹೊಟ್ಟೆಯಿಂದ ಅಂಗೈಯವರೆಗೆ ದಾರ ಹಿಡಿದು ಗಂಟು ಹಾಕಿಕೊಂಡರು. ಫಟಫಟಿಯ ಹತ್ತಿರ ಹೋಗಿ ಆ ದಾರವನ್ನು ಹಿಡಿದು ನೋಡಿ ತಲೆ ಕೆರೆದುಕೊಂಡರು.

"ಬಗ್ಗಿಸಬಹುದು ಅಮ್ಮಾ. ಆದ್ರೆ ಇಷ್ಟು ಕೆಳಗೆ, ಇಷ್ಟು ಹಿಂದೆ ಬಂದ್ರೆ ಘಾಟಿ ತಿರುವಲ್ಲಿ ಮೊಣಕಾಲಿಗೆ ತಾಗತ್ತೆ. ಸೀಟನ್ನ ನಾಕು ಬೆರಳು ಹಿಂದಕ್ಕೆ ಸರಿಸ್ಬೇಕು."

"ಸರ್ಸಿ. ತಿರುವಲ್ಲಿ ಮಾತ್ರ ಏನೂ ತಾಗ್ಬಾರ್ದು." ಆ ತಿರುವು ಎಂಬ ಮಾತನ್ನು ಹೇಳುವಾಗ ಅವರ ದನಿ ಸ್ವಲ್ಪ ಇಳಿಯಿತು.

ಒಣಮರಳನ್ನು ಆ ಕೊಳವೆಯೊಳಗೆ ತುಂಬಿ, ಎರಡು ತುದಿಗೂ ಮರದ ಬೆಣೆ ಹೊಡೆದು, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ತಯ್ಯಬ್ ಸಾಬರು ಅದನ್ನು ಬಗ್ಗಿಸಿದರು. ಮರಳಿಲ್ಲದಿದ್ದರೆ ಕೊಳವೆ ಮಡಚಿಕೊಳ್ಳುತ್ತದಂತೆ. ಅದು ಆರುವ ತನಕ ಅತ್ತೆ ಅಲ್ಲಿಂದ ಏಳಲಿಲ್ಲ. ಮರಿಯಂ ಜೊತೆ ಅವಳ ಮಕ್ಕಳ ಕೆಮ್ಮಿಗೆ ಏನು ಕಷಾಯ ಎಂದು ಮಾತಾಡುತ್ತಿದ್ದರು, ಕಣ್ಣು ಮಾತ್ರ ಕುಲುಮೆಯ ಮೇಲೆ. ಬ್ರೇಕಿನದು, ಕ್ಲಚ್ಚಿನದು ಎಂದು ವಯರುಗಳನ್ನೆಲ್ಲ ಹೊಸ ಅಳತೆಗೆ ಕತ್ತರಿಸಿ ಜೋಡಿಸಿ, ಸೀಟು ಹಿಂದಕ್ಕೆ ಸರಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಆಮೇಲೆ ಅತ್ತೆ ನಮ್ಮವರನ್ನು ಕರೆಸಿದರು.

ನಮ್ಮವರು ಬಂದು, ತಾಯಿ ಅಲ್ಲಿ ಕೂತಿರುವುದನ್ನು ಕಂಡು, ಏನೂ ಅರ್ಥವಾಗದೆ ಫಟಫಟಿ ಹತ್ತಿದರು. ಕೈ ಇಟ್ಟರು. ಬಲಕ್ಕೆ ಪೂರ್ತಿ ತಿರುಗಿಸಿದರು, ಎಡಕ್ಕೆ ತಿರುಗಿಸಿದರು. ಮೊಣಕಾಲಿಗೆ ತಾಗಲಿಲ್ಲ. ಕರಡಿಗೆ ಎದೆಯ ಮೇಲೆಯೇ ಇತ್ತು.

"ನೋವಿದ್ಯಾ?" ಎಂದರು ಅತ್ತೆ.

"ಇಲ್ಲ ಅವ್ವ." ನನ್ನ ಗಂಡನ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು.

"ಮತ್ತೆ ನಿಂತ್ಕೊಂಡು ಏನ್ ನೋಡ್ತೀಯ? ಹಗಲಿದೆ ಇನ್ನೂ. ಕಳಸದ ಕಡೆ ಹೋಗ್ಬಾ."

ಹುಣ್ಣಿಮೆಗೆ ಮೊದಲೇ ಅವರ ಸ್ಯಾಂಪಲ್ ಚೀಲಗಳು ಮಂಡಿ ಸೇರಿದವು, ಕೊಪ್ಪದವರು ಬರಲಿಲ್ಲ. ಓಂಕಾರಮೂರ್ತಿ ಫಟಫಟಿ ಮೇಲೆ ಪೂಜೆಗೆ ಕೂತಿದ್ದಾರೆ ಎಂದು ಪೇಟೆಯವರು ಬಹಳ ದಿನ ನಗಾಡಿದರು. ಯುದ್ಧ ಬಂದು ಪೆಟ್ರೋಲಿಗೆ ಕಂಟ್ರೋಲ್ ಆಗುವ ತನಕ ಅವರು ಅದೇ ಹ್ಯಾಂಡಲ್ ಹಿಡಿದು ಓಡಾಡಿದರು, ಮತ್ತೆ ಒಮ್ಮೆಯೂ ಬೀಳಲಿಲ್ಲ. ಅತ್ತೆ ಸ್ವಾತಂತ್ರ್ಯ ಬರುವುದಕ್ಕೆ ಮುಂಚಿನ ಮಳೆಗಾಲದಲ್ಲಿ ತೀರಿಕೊಂಡರು. ಅವರನ್ನು ಬಲ್ಲವರೆಲ್ಲ ಅವರ ಬಾಯಿ, ಅವರ ಧೈರ್ಯ ಎಂದು ಈಗಲೂ ಹೇಳುತ್ತಾರೆ. ಧೈರ್ಯದ ಮಾತು ಬಂದಾಗಲೆಲ್ಲ ನನಗೆ ಆ ಮಧ್ಯಾಹ್ನ ನಾವಿಬ್ಬರೂ ಮನೆಗೆ ವಾಪಸು ಬಂದದ್ದು ನೆನಪಾಗುತ್ತದೆ.

ಫಟಫಟಿಯ ಸದ್ದು ದೂರವಾಗಿ ನಿಂತ ಮೇಲೆ ನಾವು ಹೊರಟೆವು. ಸ್ವಲ್ಪ ದೂರ ಬಂದಾಗ ಅತ್ತೆ ನನ್ನ ತೋಳು ಹಿಡಿದುಕೊಂಡರು. ಯಾರ ತೋಳನ್ನೂ ಹಿಡಿಯುವವರಲ್ಲ ಅವರು. ಆ ಬಿಸಿಲಲ್ಲೂ ಅವರ ಕೈ ತಣ್ಣಗಿತ್ತು.

"ಅತ್ತೆ, ನಿಮಗೆ ಭಯ ಆಗ್ತಿದೆ" ಎಂದೆ.

"ಆಗ್ತಿದೆ. ಅವನು ಬಿದ್ದ ದಿನದಿಂದ ಆಗ್ತಾನೇ ಇದೆ."

"ಹಾಗಿದ್ರೆ ಯಾಕೆ ಮಾಡಿಸಿಕೊಟ್ರಿ? ನೀವು ಸುಮ್ಮನಿದ್ದಿದ್ರೆ ಅಂಗಡೀಲೇ ಇರ್ತಿದ್ರಲ್ಲ."

"ಇರ್ತಿದ್ದ. ನನ್ನ ಭಯನ ಅವನ ತಲೆ ಮೇಲೆ ಹೊರ್ಸಿ ಕೂರ್ಸಿದ್ದೆ. ಅವನು ಒಂದ್ ಮಾತೂ ಆಡ್ದೆ ಹೊತ್ಕೊಂಡು ಕೂತಿದ್ದ, ನೋಡ್ಲಿಲ್ವಾ? ಭಯ ನಂದು ಕುಮಾರಿ. ನಾನೇ ಹೊರ್ಬೇಕು."

ಬಟ್ಟೆ ಸುತ್ತುವ ಆ ಮಾತೊಂದು ಬಿಟ್ಟರೆ ನಾನು ಆ ಮನೆಗೆ ಬಂದ ಮೇಲೆ ಅತ್ತೆಗೆ ಎದುರು ಮಾತಾಡಿದ್ದಿಲ್ಲ. ಅವತ್ತು ಆಡಿದೆ.

"ಅರ್ಧ ನನಗೆ ಕೊಡಿ ಅತ್ತೆ. ನನ್ನ ಗಂಡನೂ ಹೌದಲ್ಲ ಅವರು."

ಅವರು ನಿಂತು ನನ್ನ ಮುಖವನ್ನೇ ನೋಡಿದರು. ತೋಳನ್ನು ಬಿಡಲಿಲ್ಲ. ಮನೆಗೆ ಬಂದು ಅವರು ಅಂಗಡಿಯ ಬಾಗಿಲು ತೆರೆದರು, ನಾನು ಒಲೆ ಹಚ್ಚಲಿಲ್ಲ. ಸಂಜೆಯವರೆಗೆ ಇಬ್ಬರೂ ಒಂದೇ ಹೊಸ್ತಿಲ ಮೇಲೆ ಕೂತು ದಾರಿ ನೋಡಿದೆವು.